ಸರ್ಕಾರಿ ಶಾಲೆಯೋ, ಖಾಸಗಿ ಶಾಲೆಯೋ? ಹಾಸನ, ಚಿಕ್ಕಮಗಳೂರು ಕಡೆ ಮೇಷ್ಟ್ರಾಗುವವರಿಗೆ ಒಂದು ಲೆಕ್ಕಾಚಾರ

ಬಿ.ಇಡಿ ಮುಗಿಸಿದವರು ನನ್ನ ಹತ್ತಿರ ಮೊದಲು ಕೇಳುವುದೇ ಇದು: "ಮೇಡಂ, ಗೌರ್ಮೆಂಟ್ ಒಳ್ಳೇದಾ, ಪ್ರೈವೇಟ್ ಒಳ್ಳೇದಾ?" ಎರಡೂ ಕಡೆಯ ನೇಮಕಾತಿ ಆದೇಶ ಕೈಯಲ್ಲಿ ಹಿಡಿದುಕೊಂಡು ಈ ಪ್ರಶ್ನೆ ಕೇಳಿದವರನ್ನು ನಾನಂತೂ ನೋಡಿಲ್ಲ. ಅಂಥವರಿದ್ದರೆ ಉತ್ತರ ಸುಲಭ, ಸರ್ಕಾರಿಗೆ ಹೋಗಿ. ಆದರೆ ನಮ್ಮ ಕಡೆಯವರ ಮುಂದಿರುವ ಆಯ್ಕೆ ಬೇರೆ. ಒಂದು ಕಡೆ, ಜೂನ್ ಒಂದರಿಂದಲೇ ಬನ್ನಿ ಅನ್ನುವ ಖಾಸಗಿ ಶಾಲೆ. ಇನ್ನೊಂದು ಕಡೆ, ಯಾವಾಗ ಹೊರಡುತ್ತೋ ಯಾರಿಗೂ ಗೊತ್ತಿಲ್ಲದ ಅಧಿಸೂಚನೆ. ಹೋಲಿಸಬೇಕಾಗಿರುವುದು ಕೈಯಲ್ಲಿರುವ ಕೆಲಸವನ್ನು ಮತ್ತು ಕಾಯುವಿಕೆಯನ್ನು.

ನಾನು ಹಾಸನದ ಒಂದು ಖಾಸಗಿ ಶಾಲೆಯಲ್ಲಿ ಕೆಲವು ವರ್ಷ ಪಾಠ ಮಾಡಿದವಳು. ಈಗ ಸಕಲೇಶಪುರದ ಕಡೆ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿದ್ದೇನೆ. ಹಾಗಾಗಿ ಎರಡರ ರುಚಿಯೂ ಗೊತ್ತು, ಎರಡರ ಕಾಟವೂ ಗೊತ್ತು.

ಮೊದಲು ದುಡ್ಡಿನ ಮಾತು

ಇದನ್ನು ಸುತ್ತಿ ಬಳಸಿ ಹೇಳಿ ಪ್ರಯೋಜನವಿಲ್ಲ. ರಾಜ್ಯದ 7ನೇ ವೇತನ ಆಯೋಗದ ಶಿಫಾರಸು 2024ರ ಆಗಸ್ಟ್‌ನಿಂದ ಜಾರಿಯಾದ ಮೇಲೆ, ಪ್ರಾಥಮಿಕ ಶಾಲೆಗೆ ಹೊಸದಾಗಿ ಸೇರುವ ಶಿಕ್ಷಕರ ಮೂಲ ವೇತನವೇ 40,000 ರೂಪಾಯಿ ದಾಟುತ್ತದೆ. ಹೈಸ್ಕೂಲಿಗೆ ಸೇರಿದರೆ 50,000ಕ್ಕೂ ಮೇಲೆ. ಅದರ ಮೇಲೆ ತುಟ್ಟಿಭತ್ಯೆ, ಮನೆ ಬಾಡಿಗೆ ಭತ್ಯೆ, ವರ್ಷಕ್ಕೊಂದು ಇನ್ಕ್ರಿಮೆಂಟ್.

ಖಾಸಗಿಯಲ್ಲಿ? ಹಾಸನ, ಅರಸೀಕೆರೆ, ಕಡೂರಿನಂಥ ಊರುಗಳ ಸಾಧಾರಣ ಇಂಗ್ಲಿಷ್ ಮೀಡಿಯಂ ಶಾಲೆಗಳಲ್ಲಿ ಹೊಸಬರಿಗೆ ಹತ್ತರಿಂದ ಹದಿನೈದು ಸಾವಿರ ಅನ್ನುವ ಮಾತೇ ಜಾಸ್ತಿ ಕೇಳಿಬರುತ್ತದೆ. ಸಿಬಿಎಸ್‌ಇ, ಐಸಿಎಸ್‌ಇ ಶಾಲೆಯಾದರೆ, ಗಣಿತವೋ ವಿಜ್ಞಾನವೋ ನಿಮ್ಮ ವಿಷಯವಾದರೆ, ಇಪ್ಪತ್ತು ದಾಟಬಹುದು, ಮೂವತ್ತೂ ಮುಟ್ಟಬಹುದು. ಕೆಲವು ಶಾಲೆಗಳು ವರ್ಷಕ್ಕೆ ಹತ್ತೇ ತಿಂಗಳ ಸಂಬಳ ಕೊಡುತ್ತವೆ. ಏಪ್ರಿಲ್, ಮೇ ನಿಮ್ಮ ಪಾಡು ನಿಮ್ಮದು. ಇನ್ನು ಕೆಲವೆಡೆ ಪುಸ್ತಕದಲ್ಲಿ ಸಹಿ ಹಾಕುವ ಮೊತ್ತವೇ ಬೇರೆ, ಕೈಗೆ ಬರುವ ಮೊತ್ತವೇ ಬೇರೆ. ನಾನಿದ್ದ ಶಾಲೆಯಲ್ಲೂ ಹಾಗೇ ಇತ್ತು. ಬ್ಯಾಂಕಿಗೆ ಪೂರ್ತಿ ಬರುತ್ತಿತ್ತು, ಐದನೇ ತಾರೀಕಿನೊಳಗೆ ಅದರಲ್ಲೊಂದು ಪಾಲು ನಗದಾಗಿ ಆಫೀಸಿಗೆ ವಾಪಸ್ ಹೋಗುತ್ತಿತ್ತು.

ಖಾಸಗಿಯ ಪರವಾಗಿ ಲೆಕ್ಕಕ್ಕೆ ಹಿಡಿಯಬೇಕಾದದ್ದು ಒಂದಿದೆ, ಮಕ್ಕಳ ಫೀಸು. ಬಹಳಷ್ಟು ಶಾಲೆಗಳು ಶಿಕ್ಷಕರ ಮಕ್ಕಳಿಗೆ ಅರ್ಧ ಫೀಸೋ, ಪೂರ್ತಿ ಮಾಫಿಯೋ ಕೊಡುತ್ತವೆ. ಇಬ್ಬರು ಮಕ್ಕಳಿದ್ದರೆ ಅದೇ ಒಂದು ಸಂಬಳದಷ್ಟಾಗುತ್ತದೆ. ಮನೆಯಲ್ಲಿ ಇನ್ನೊಂದು ಆದಾಯ ಗಟ್ಟಿಯಾಗಿದ್ದು, ಮಕ್ಕಳು ಅದೇ ಶಾಲೆಯಲ್ಲಿ ಓದುತ್ತಿದ್ದರೆ ಹದಿನೈದು ಸಾವಿರದ ಕೆಲಸವೂ ಅಷ್ಟೇನು ನಷ್ಟವಲ್ಲ. ನಮ್ಮ ಕಡೆ ಖಾಸಗಿ ಶಾಲೆಗಳು ನಡೆಯುತ್ತಿರುವುದೇ ಈ ಲೆಕ್ಕದ ಮೇಲೆ ಅಂತ ನನಗನ್ನಿಸುತ್ತದೆ. ಅಲ್ಲಿ ಪಾಠ ಮಾಡುವ ಹೆಣ್ಣುಮಕ್ಕಳಲ್ಲಿ ಎಷ್ಟು ಜನರ ಮಕ್ಕಳು ಅಲ್ಲೇ ಓದುತ್ತಿದ್ದಾರೆ ನೋಡಿ, ಗೊತ್ತಾಗುತ್ತದೆ.

ಪಿಂಚಣಿ ಬಗ್ಗೆ ಒಂದು ತಪ್ಪು ಕಲ್ಪನೆ ಇನ್ನೂ ಹೋಗಿಲ್ಲ. 2006ರ ಏಪ್ರಿಲ್ 1ರ ನಂತರ ರಾಜ್ಯ ಸರ್ಕಾರಿ ಕೆಲಸಕ್ಕೆ ಸೇರಿದವರಿಗೆ ಹಳೆ ಪಿಂಚಣಿ ಇಲ್ಲ, ಎನ್‌ಪಿಎಸ್ ಅನ್ನುವ ಹೊಸ ಪಿಂಚಣಿ. ನಮ್ಮ ಸಂಬಳದಿಂದ ಶೇ. 10 ಕಡಿತ, ಸರ್ಕಾರದ ಕಡೆಯಿಂದ ಶೇ. 14. ಹಳೆಯದು ವಾಪಸ್ ಬೇಕು ಅಂತ ಹೋರಾಟ ನಡೆಯುತ್ತಲೇ ಇದೆ. ನಮ್ಮಪ್ಪನಿಗೆ ಬಂದಂಥ ಪಿಂಚಣಿ ನನಗೂ ಬರುತ್ತೆ ಅಂದುಕೊಂಡು ಸರ್ಕಾರಿ ಕೆಲಸಕ್ಕೆ ಆಸೆಪಡಬೇಡಿ. ಹಾಗಂತ ಶೇ. 14 ಸಣ್ಣ ಮೊತ್ತವೂ ಅಲ್ಲ.

ಕಾಯುವ ವರ್ಷಗಳಿಗೆ ಬೆಲೆ ಎಷ್ಟು?

ಸಂಬಳದ ಅಂತರ ಇಷ್ಟಿರುವಾಗ ಎಲ್ಲರೂ ಸರ್ಕಾರಿಗೇ ಕಾಯಬಹುದಲ್ವಾ? ತೊಡಕಿರುವುದು ಅಲ್ಲೇ.

ಆರರಿಂದ ಎಂಟನೇ ತರಗತಿಗೆ ಪಾಠ ಮಾಡುವ ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಾತಿಯನ್ನೇ ತೆಗೆದುಕೊಳ್ಳಿ. 2022ರಲ್ಲಿ 15,000 ಹುದ್ದೆಗೆ ಅರ್ಜಿ ಕರೆದರು. ಮೇನಲ್ಲಿ ಪರೀಕ್ಷೆ ಆಯಿತು. ಆಮೇಲೆ ಪಟ್ಟಿಯ ತಕರಾರು ಶುರುವಾಯಿತು. ಮದುವೆಯಾದ ಹೆಣ್ಣುಮಕ್ಕಳು ಜಾತಿ, ಆದಾಯ ಪ್ರಮಾಣಪತ್ರವನ್ನು ತಂದೆಯ ಹೆಸರಿನಲ್ಲಿ ಕೊಡಬೇಕೋ ಗಂಡನ ಹೆಸರಿನಲ್ಲೋ ಅನ್ನುವ ವಿಷಯ ಹೈಕೋರ್ಟಿಗೆ ಹೋಯಿತು. ಆಯ್ಕೆಯಾದವರ ಕೈಗೆ ಆದೇಶ ಬರುವ ಹೊತ್ತಿಗೆ 2023 ಮುಗಿಯುತ್ತಾ ಬಂದಿತ್ತು. ಪರೀಕ್ಷೆ ಬರೆದ ಮೇಲೂ ಒಂದೂವರೆ ವರ್ಷ! ಆ ಒಂದೂವರೆ ವರ್ಷ ಖಾಸಗಿ ಕೆಲಸ ಬಿಟ್ಟು ಮನೆಯಲ್ಲಿ ಕೂತವರೂ ಇದ್ದರು. ಈಗಲೋ ಆಗಲೋ ಬಂತು ಅಂತ ದಿನಾ ಮೊಬೈಲ್ ನೋಡುವುದೇ ಕೆಲಸವಾಗಿತ್ತು ಅವರಿಗೆ.

ಅದಕ್ಕೇ ನಾನು ಹೇಳುವುದು: ಅಧಿಸೂಚನೆ ಬಂದು, ಪರೀಕ್ಷೆ ಬರೆದು, ಆದೇಶ ಕೈಗೆ ಸಿಗುವವರೆಗೆ ಇರುವ ಕೆಲಸ ಬಿಡಬೇಡಿ. ಓದಲು ಪುರುಸೊತ್ತು ಬೇಕು ಅನ್ನುವವರು ಪರೀಕ್ಷೆಯ ದಿನ ಗೊತ್ತಾದ ಮೇಲೆ ಎರಡು ತಿಂಗಳು ಬಿಟ್ಟರೆ ಸಾಕು. ವರ್ಷಗಟ್ಟಲೆ ಧಾರವಾಡಕ್ಕೋ ಬೆಂಗಳೂರಿಗೋ ಹೋಗಿ ಕೋಚಿಂಗ್ ಹಾಸ್ಟೆಲಿನಲ್ಲಿ ಇರುವುದು ಮನೆಯ ಜಮೀನೋ ತೋಟವೋ ತಡೆದುಕೊಳ್ಳುವಂತಿದ್ದರೆ ಮಾತ್ರ.

ಅರ್ಹತೆಯ ವಿಷಯದಲ್ಲೂ ಈಗ ಲೆಕ್ಕ ಬದಲಾಗಿದೆ. 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ಪ್ರಕಾರ ಒಂದರಿಂದ ಐದನೇ ತರಗತಿಗೆ ಬಿ.ಇಡಿ ನಡೆಯುವುದಿಲ್ಲ, ಡಿ.ಇಎಲ್.ಇಡಿ (ಪ್ರಾಥಮಿಕ ಶಿಕ್ಷಕರ ಡಿಪ್ಲೊಮಾ) ಬೇಕು. ಬಿ.ಇಡಿ ಮಾಡಿಕೊಂಡವರಿಗೆ ಉಳಿಯುವುದು ಆರು ಮತ್ತು ಅದರ ಮೇಲಿನ ತರಗತಿಗಳು. ಒಂದರಿಂದ ಎಂಟರವರೆಗೆ ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆ, ಬೇಕೇ ಬೇಕು. 150 ಅಂಕಕ್ಕೆ ಸಾಮಾನ್ಯ ವರ್ಗದವರು 90 ತೆಗೆಯಬೇಕು. ಒಮ್ಮೆ ಪಾಸಾದರೆ ಜೀವಮಾನ ಪೂರ್ತಿ ನಡೆಯುತ್ತದೆ. ನೇಮಕಾತಿ ಪಟ್ಟಿ ಮಾಡುವಾಗ ಟಿಇಟಿ ಅಂಕವೂ ಪದವಿ ಅಂಕವೂ ಲೆಕ್ಕಕ್ಕೆ ಬರುವುದರಿಂದ, ಪಾಸಾದವರೂ ಅಂಕ ಹೆಚ್ಚಿಸಿಕೊಳ್ಳಲು ಮತ್ತೆ ಬರೆಯುತ್ತಾರೆ.

ಟಿಇಟಿ ಸರ್ಕಾರಿಗೆ ಮಾತ್ರ, ಖಾಸಗಿಯವರು ಕೇಳಲ್ಲ ಅನ್ನುವ ಕಾಲವೂ ಹೋಗುತ್ತಿದೆ. 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್, ಸೇವೆಯಲ್ಲಿದ್ದು ನಿವೃತ್ತಿಗೆ ಐದು ವರ್ಷಕ್ಕಿಂತ ಜಾಸ್ತಿ ಇರುವ ಶಿಕ್ಷಕರು ಎರಡು ವರ್ಷದೊಳಗೆ ಟಿಇಟಿ ಪಾಸಾಗಬೇಕು ಅಂದಿತು. ಅಲ್ಪಸಂಖ್ಯಾತ ಸಂಸ್ಥೆಗಳ ಪ್ರಶ್ನೆ ಮಾತ್ರ ದೊಡ್ಡ ಪೀಠಕ್ಕೆ ಹೋಯಿತು. ನಮ್ಮ ಸ್ಟಾಫ್ ರೂಮಿನಲ್ಲಿ ಇಪ್ಪತ್ತು ವರ್ಷ ಪಾಠ ಮಾಡಿದವರು ಗೈಡ್ ತೆರೆದುಕೊಂಡು ಕೂತಿದ್ದನ್ನು ನೋಡಿ ನಗುವುದೋ ಅಳುವುದೋ ಗೊತ್ತಾಗಲಿಲ್ಲ. ಹೊಸಬರು ಇದರಿಂದ ತಿಳಿಯಬೇಕಾದದ್ದು ಇಷ್ಟೇ. ಎಲ್ಲಿಗೆ ಹೋಗುವುದಾದರೂ ಟಿಇಟಿ ಮೊದಲು ಮುಗಿಸಿಕೊಳ್ಳಿ.

ದಿನ ಹೇಗೆ ಕಳೆಯುತ್ತೆ?

ಖಾಸಗಿ ಶಾಲೆಯಲ್ಲಿ ದಿನ ಶುರುವಾಗುವುದು ಬಸ್ ಡ್ಯೂಟಿಯಿಂದ. ಎಂಟೂಕಾಲಿಗೆ ಗೇಟಿನಲ್ಲಿ ನಿಲ್ಲಬೇಕು. ಏಳು ಪೀರಿಯಡ್ ಪಾಠ, ಬಿಡುವಿದ್ದ ಒಂದು ಪೀರಿಯಡ್‌ಗೂ ಯಾರೋ ರಜೆ ಹಾಕಿ ಅವರ ಕ್ಲಾಸು ನಿಮ್ಮ ತಲೆಗೆ. ನೋಟ್ಸ್ ಕರೆಕ್ಷನ್ ಚೀಲದಲ್ಲಿ ತುಂಬಿಕೊಂಡು ಮನೆಗೆ. ರಾತ್ರಿ ಒಂಬತ್ತಕ್ಕೆ ಪೋಷಕರ ಗ್ರೂಪಿನಲ್ಲಿ "ಮ್ಯಾಮ್, ನಮ್ಮ ಪಾಪುಗೆ ಅರ್ಧ ಮಾರ್ಕ್ಸ್ ಯಾಕೆ ಕಟ್ ಮಾಡಿದ್ರಿ?" ಇದಕ್ಕೆ ನಗುನಗುತ್ತಾ ಉತ್ತರ ಕೊಡಬೇಕು. ಮಾರ್ಚ್ ಮುಗಿಯುತ್ತಿದ್ದಂತೆ ಅಡ್ಮಿಷನ್ ಕ್ಯಾನ್ವಾಸ್. ಬಿಸಿಲಿನಲ್ಲಿ ಶಾಲೆಯ ಕರಪತ್ರ ಹಿಡಿದು ಮನೆ ಮನೆ ಸುತ್ತಬೇಕು. ಯಾರ ಮನೆಯಲ್ಲಿ ಮೂರು ವರ್ಷದ ಮಗು ಇದೆ ಅನ್ನುವ ಪಟ್ಟಿ ಮಾಡಿಕೊಂಡು ಬರಬೇಕು.

ಆದರೂ ಒಂದು ಮಾತು ಹೇಳಲೇಬೇಕು. ಪಾಠ ಮಾಡುವ ವಿದ್ಯೆ ನಾನು ಕಲಿತದ್ದು ಅಲ್ಲೇ. ಒಂದೇ ವಿಷಯ, ಒಂದೇ ತರಗತಿಯ ನಾಲ್ಕು ಸೆಕ್ಷನ್. ಎ ಸೆಕ್ಷನ್‌ನಲ್ಲಿ ಭಿನ್ನರಾಶಿ ಯಾಕೆ ತಲೆಗೆ ಹೋಗಲಿಲ್ಲ ಅಂತ ನೋಡಿ, ಬಿ ಸೆಕ್ಷನ್‌ಗೆ ಬೇರೆ ಥರ ಹೇಳಬಹುದಿತ್ತು. ಆ ಅಭ್ಯಾಸ ನನಗೆ ಬಿ.ಇಡಿ ಕಾಲೇಜಿನಲ್ಲಿ ಸಿಗಲಿಲ್ಲ, ಸರ್ಕಾರಿ ಶಾಲೆಯಲ್ಲಂತೂ ಸಿಗುವುದಿಲ್ಲ.

ಈಗಿನ ಶಾಲೆಯಲ್ಲಿ ನಾವಿರುವುದು ಮೂವರು, ತರಗತಿ ಎಂಟು. ಒಂದರಿಂದ ಮೂರನೆಯವರು ನಲಿ-ಕಲಿಯಲ್ಲಿ ಒಂದೇ ಕೋಣೆ. ಗುಂಪು ಗುಂಪಾಗಿ ಕೂತು, ಕಾರ್ಡು ಹಿಡಿದು, ಮೆಟ್ಟಿಲು ಏರುತ್ತಾ ಕಲಿಯುವ ಪದ್ಧತಿ. ಬೆಳಿಗ್ಗೆ ಹಾಲು. ಹಾಲಿನ ಪುಡಿ ಎಷ್ಟು ಖರ್ಚಾಯಿತು ಅಂತ ಬರೆಯಬೇಕು. ಆಮೇಲೆ ಮೊಟ್ಟೆ ಎಷ್ಟು ಜನಕ್ಕೆ, ಬಾಳೆಹಣ್ಣು ಎಷ್ಟು ಜನಕ್ಕೆ ಅಂತ ಎಣಿಸಬೇಕು. ಮೊಟ್ಟೆ ರೇಟು ಸಂತೆಯಲ್ಲಿ ಏರಿದ ವಾರ ಸರ್ಕಾರ ಕೊಡುವ ದರಕ್ಕೂ ಅಂಗಡಿಯ ದರಕ್ಕೂ ತಾಳೆಯಾಗದೆ ಹೆಡ್ ಮೇಷ್ಟ್ರು ಜೇಬಿಗೆ ಕೈ ಹಾಕುತ್ತಾರೆ. ಅಷ್ಟರಲ್ಲಿ ವಾಟ್ಸಾಪ್ ಗ್ರೂಪಿನಲ್ಲಿ ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಸಿಆರ್‌ಪಿ ಸಂದೇಶ: "ತುರ್ತು. 12 ಗಂಟೆಯೊಳಗೆ ಮಾಹಿತಿ ಸಲ್ಲಿಸುವುದು." ಆ ಮಾಹಿತಿ ಇಲಾಖೆಯ ಆನ್‌ಲೈನ್ ವ್ಯವಸ್ಥೆ ಎಸ್‌ಎಟಿಎಸ್‌ನಲ್ಲಿ ಆಗಲೇ ಇರುತ್ತದೆ. ಆದರೂ ಎಕ್ಸೆಲ್‌ನಲ್ಲಿ ಇನ್ನೊಮ್ಮೆ ಬೇಕು. ನೆಟ್‌ವರ್ಕ್ ಸಿಗಬೇಕಾದರೆ ನಾನು ಬಾವಿಕಟ್ಟೆಯ ಹತ್ತಿರ ಹೋಗಿ ನಿಲ್ಲಬೇಕು.

ಇದರ ಮೇಲೆ ಚುನಾವಣೆ, ಮತದಾರರ ಪಟ್ಟಿ ನೋಡಿಕೊಳ್ಳುವ ಬಿಎಲ್‌ಒ ಕೆಲಸ, ಜನಗಣತಿ. ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ ಚುನಾವಣೆ, ಜನಗಣತಿ, ವಿಪತ್ತು ಪರಿಹಾರ ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಾಕಬಾರದು ಅನ್ನುತ್ತದೆ. ಆ ಮೂರೇ ಸಾಕಾಗುತ್ತದೆ, ಅದು ಬೇರೆ ಮಾತು. 2025ರ ದಸರಾ ರಜೆಯಲ್ಲಿ ನಡೆದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ಮನೆ ಮನೆಗೆ ಹೋದವರು ಹೆಚ್ಚಾಗಿ ನಾವೇ. ಕರೆಂಟ್ ಮೀಟರ್‌ಗೆ ಅಂಟಿಸಿದ ಚೀಟಿ ಹುಡುಕಿಕೊಂಡು, ತೋಟದೊಳಗೆ ಒಂದೊಂದು ಫರ್ಲಾಂಗಿಗೆ ಒಂದೊಂದು ಮನೆ, ಆ್ಯಪ್ ತೆರೆಯದೆ ಸುಮ್ನೆ ಸುತ್ತುತ್ತಾ ಇರುತ್ತದೆ. ಕೆಲಸ ಮುಗಿಯಲಿಲ್ಲ ಅಂತ ಶಾಲೆಯ ರಜೆಯನ್ನು ಅಕ್ಟೋಬರ್ 18ರವರೆಗೆ ಮುಂದುವರಿಸಿದರು. ರಜೆ ಮಕ್ಕಳಿಗೆ.

ಖಾಸಗಿಯಲ್ಲಿ ಈ ತಾಪತ್ರಯ ಬಹಳ ಕಡಿಮೆ. ಪಾಠ ಮಾಡುವುದೇ ನಿಮ್ಮ ಆಸೆಯಾದರೆ ಇದು ಸಣ್ಣ ವಿಷಯವಲ್ಲ.

ಇನ್ನೊಂದು ಬದಿಯೂ ಇದೆ. ಸರ್ಕಾರಿ ಶಾಲೆಯಲ್ಲಿ ನಿಮ್ಮ ತರಗತಿಗೆ ನೀವೇ ಯಜಮಾನರು. ಮೂರು ದಿನದಲ್ಲಿ ಈ ಪಾಠ ಮುಗಿಸಿ ಅಂತ ಕತ್ತಿನ ಮೇಲೆ ಯಾರೂ ಕೂರುವುದಿಲ್ಲ. ನಮ್ಮ ಶಾಲೆಗೆ ಬರುವ ಮಕ್ಕಳಲ್ಲಿ ಎಸ್ಟೇಟ್ ಕೆಲಸಕ್ಕೆ ಅಸ್ಸಾಂನಿಂದ ಬಂದವರ ಮಕ್ಕಳೂ ಇದ್ದಾರೆ. ಜೂನ್‌ನಲ್ಲಿ ಬಂದಾಗ ಕನ್ನಡದ ಒಂದಕ್ಷರ ಬಾರದ ಹುಡುಗಿ, ದೀಪಾವಳಿ ಹೊತ್ತಿಗೆ ಪಕ್ಕದವಳ ಮೇಲೆ ಚೆನ್ನಾಗಿ ಚಾಡಿ ಹೇಳುತ್ತಿದ್ದಳು. ಕನ್ನಡದಲ್ಲೇ, ನಮ್ಮ ಮಲೆನಾಡಿನ ರಾಗದಲ್ಲೇ. ಅರ್ಧ ಮಾರ್ಕಿನ ಜಗಳದಲ್ಲಿ ಇಂಥ ಖುಷಿ ಸಿಗುವುದಿಲ್ಲ.

ಹೈಸ್ಕೂಲಿನ ವಿಷಯ ಬೇರೆ. ಅಲ್ಲಿ ಎರಡೂ ಕಡೆ ಒತ್ತಡ ಒಂದೇ, ಎಸ್ಸೆಸ್ಸೆಲ್ಸಿ ಫಲಿತಾಂಶ. 2019ರಲ್ಲಿ ಹಾಸನ ಜಿಲ್ಲೆ ಶೇ. 89.33 ಫಲಿತಾಂಶ ತಂದು ರಾಜ್ಯಕ್ಕೇ ಮೊದಲು ಬಂತು. ಅಂದಿನಿಂದ ಜಿಲ್ಲೆಯ ಶಿಕ್ಷಣ ಅಧಿಕಾರಿ ಡಿಡಿಪಿಐ ಕರೆಯುವ ಮೀಟಿಂಗ್‌ಗಳಲ್ಲಿ ಆ ವರ್ಷದ ಮಾತು ಬಾರದೆ ಇರುವುದಿಲ್ಲ.

ಎಲ್ಲಿಗೆ ಹಾಕ್ತಾರೆ?

ಸರ್ಕಾರಿ ಕೆಲಸ ಸಿಕ್ಕಿತು ಅಂದ ಕೂಡಲೇ ಹಾಸನ ಟೌನಿನಲ್ಲಿ ಮನೆ ನೋಡಬೇಡಿ. ಹೊಸಬರಿಗೆ ಸಿಗುವುದು ಸಿ ವಲಯದ ಹಳ್ಳಿ ಶಾಲೆ. ಟೌನಿನ ಎ ವಲಯಕ್ಕೆ ಬರಲು ವರ್ಗಾವಣೆ ಕೌನ್ಸೆಲಿಂಗ್‌ನಲ್ಲಿ ಸರದಿ ಕಾಯಬೇಕು. 2020ರ ಶಿಕ್ಷಕರ ವರ್ಗಾವಣೆ ಕಾಯ್ದೆ ಇದನ್ನೆಲ್ಲ ಅಂಕ, ವಲಯ, ಶೇಕಡಾವಾರು ಮಿತಿ ಅಂತ ಕಟ್ಟಿಹಾಕಿದೆ. ಪತಿ-ಪತ್ನಿ ಪ್ರಕರಣ, ಗಂಭೀರ ಕಾಯಿಲೆ ಇಂಥವಕ್ಕೆ ಆದ್ಯತೆ ಇದೆ. ಪ್ರಾಥಮಿಕದವರು ಜಿಲ್ಲೆಯ ಲೆಕ್ಕಕ್ಕೆ, ಹೈಸ್ಕೂಲಿನವರು ವಿಭಾಗದ ಲೆಕ್ಕಕ್ಕೆ. ಹಾಸನ, ಚಿಕ್ಕಮಗಳೂರು ಎರಡೂ ಮೈಸೂರು ವಿಭಾಗದಲ್ಲಿವೆ. ಹಾಗಾಗಿ ಹೈಸ್ಕೂಲಿಗೆ ಆಯ್ಕೆಯಾದವರು ಚಾಮರಾಜನಗರದಿಂದ ಉಡುಪಿಯವರೆಗೆ ಎಲ್ಲಿಗೆ ಬೇಕಾದರೂ ಹೋಗಲು ಸಿದ್ಧವಿರಬೇಕು.

ನಮ್ಮ ಎರಡು ಜಿಲ್ಲೆಗಳ ಒಳಗೇ ಎರಡು ನಾಡಿವೆ. ಅರಸೀಕೆರೆ, ಚನ್ನರಾಯಪಟ್ಟಣ, ಕಡೂರು, ತರೀಕೆರೆ ಬಯಲುಸೀಮೆ. ಬಸ್ಸಿದೆ, ಅರಸೀಕೆರೆ, ಬೀರೂರು ಕಡೆ ರೈಲೂ ಇದೆ, ಓಡಾಡಿಕೊಂಡು ಕೆಲಸ ಮಾಡಬಹುದು. ಮೂಡಿಗೆರೆ, ಕಳಸ, ಶೃಂಗೇರಿ, ಕೊಪ್ಪ, ಸಕಲೇಶಪುರದ ಒಳಭಾಗಕ್ಕೆ ಬಿದ್ದರೆ ಮಾತೇ ಬೇರೆ. ಬೆಳಿಗ್ಗೆ ಒಂದು ಬಸ್ಸು, ಸಂಜೆ ಒಂದು. ತಪ್ಪಿದರೆ ಯಾರದಾದರೂ ಜೀಪು. ಆಲೂರು, ಸಕಲೇಶಪುರ, ಬೇಲೂರು ಕಡೆ ಆನೆ ಎಲ್ಲಿದೆ ಅಂತ ಅರಣ್ಯ ಇಲಾಖೆಯ ಸಂದೇಶ ನೋಡಿಕೊಂಡೇ ಮನೆ ಬಿಡಬೇಕು. ಜುಲೈನಲ್ಲಿ ಮಳೆಗೆ ತಾಲ್ಲೂಕುವಾರು ರಜೆ ಕೊಡುತ್ತಾರೆ. ಆಮೇಲೆ ಶನಿವಾರ ಮಧ್ಯಾಹ್ನ ತರಗತಿ ನಡೆಸಿ ಸರಿದೂಗಿಸಬೇಕು. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಖರ್ಚು ಉಳಿದಿದೆ. ಖಾಸಗಿ ಶಾಲೆಯ ಕಡಿಮೆ ಸಂಬಳದವರಿಗೂ ಇದು ದೊಡ್ಡ ಅನುಕೂಲ.

ವಯಸ್ಸಾದ ಅತ್ತೆ-ಮಾವ, ಸಣ್ಣ ಮಗು ಇದ್ದು ಊರು ಬಿಡಲಾಗದವರು ಇದನ್ನು ಸಂಬಳಕ್ಕಿಂತ ಮೊದಲು ಯೋಚಿಸಬೇಕು. ಹೆರಿಗೆ ವಿಷಯದಲ್ಲಿ ಮಾತ್ರ ಸರ್ಕಾರಿ ಕೆಲಸಕ್ಕೆ ಸಾಟಿಯಿಲ್ಲ. 180 ದಿನ ಹೆರಿಗೆ ರಜೆ, ಅದಲ್ಲದೆ ಮಕ್ಕಳ ಆರೈಕೆ ರಜೆ. ಕಾನೂನಿನ ಪ್ರಕಾರ ಖಾಸಗಿಯಲ್ಲೂ 26 ವಾರ ಸಂಬಳ ಸಹಿತ ರಜೆ ಇದೆ. ಆದರೆ ಎಷ್ಟೋ ಶಾಲೆಗಳಲ್ಲಿ "ಆರಾಮಾಗಿ ಮಗು ನೋಡ್ಕೊಳ್ಳಿ, ಮುಂದಿನ ವರ್ಷ ನೋಡೋಣ" ಅಂದುಬಿಡುತ್ತಾರೆ.

ನಡುವಿನ ದಾರಿಗಳು

ಅತಿಥಿ ಶಿಕ್ಷಕರ ಕೆಲಸ ಹೆಸರಿಗೆ ಸರ್ಕಾರಿ. ಗೌರವಧನ 2025ರ ಬಜೆಟ್‌ನಲ್ಲಿ 2,000 ಹೆಚ್ಚಾಗಿ ಪ್ರಾಥಮಿಕದಲ್ಲಿ 12,000, ಪ್ರೌಢಶಾಲೆಯಲ್ಲಿ 12,500 ಆಗಿದೆ. ತಿಂಗಳಿಗೆ ಸರಿಯಾಗಿ ಬರುವುದಿಲ್ಲ, ಮೂರ್ನಾಲ್ಕು ತಿಂಗಳದ್ದು ಒಟ್ಟಿಗೆ ಬರುತ್ತದೆ. ವರ್ಗಾವಣೆಯಾಗಿ ಕಾಯಂ ಶಿಕ್ಷಕರು ಬಂದರೆ ನೀವು ಎದ್ದು ನಡೆಯಬೇಕು. ಆದರೆ ಮನೆ ಪಕ್ಕದ ಶಾಲೆ, ಸಂಜೆ ನಾಲ್ಕೂವರೆಗೆ ಬಿಡುವು, ಕ್ಯಾನ್ವಾಸ್ ಇಲ್ಲ. ಟಿಇಟಿಗೆ ಓದುವವರಿಗೆ ಒಂದೆರಡು ವರ್ಷಕ್ಕೆ ಪರವಾಗಿಲ್ಲ. ಹತ್ತು ವರ್ಷ ಅಲ್ಲೇ ಕೂತು ಕಾಯಂ ಮಾಡುತ್ತಾರೆ ಅಂತ ಕಾಯುವವರನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಅನುದಾನಿತ ಶಾಲೆಯಲ್ಲಿ ಸಂಬಳ ಸರ್ಕಾರದ್ದು, ನೇಮಕ ಆಡಳಿತ ಮಂಡಳಿಯದ್ದು. ಹುದ್ದೆ ತುಂಬಲು ಇಲಾಖೆಯ ಅನುಮತಿ ಬೇಕು, ಅದು ಸಿಗುವುದೇ ಅಪರೂಪ. ಕೆಲವೆಡೆ ದೇಣಿಗೆಯ ಮಾತೂ ಬರುತ್ತದೆ. ಅನುಮತಿ ಪತ್ರವನ್ನು ಕಣ್ಣಾರೆ ನೋಡದೆ ಒಂದು ರೂಪಾಯಿಯನ್ನೂ ಬಿಚ್ಚಬೇಡಿ. ನೋಡಿದ ಮೇಲೂ ಬಿಚ್ಚಬೇಡಿ ಅನ್ನುವುದು ನನ್ನ ಅಭಿಪ್ರಾಯ.

ಮಾವಿನಕೆರೆಯ ನವೋದಯ, ಬಾಳೆಹೊನ್ನೂರಿನ ನವೋದಯ, ಕೇಂದ್ರೀಯ ವಿದ್ಯಾಲಯಗಳು ಕೇಂದ್ರದ ನೇಮಕಾತಿ. ದೇಶದ ಯಾವ ಮೂಲೆಗಾದರೂ ಹೋಗಬೇಕು. ಮೊರಾರ್ಜಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳೂ ಇವೆ. ಖಾಸಗಿ ವಸತಿ ಶಾಲೆಗಳಲ್ಲಿ ಇರಲು ಮನೆ, ಊಟ, ನಿಮ್ಮ ಮಕ್ಕಳ ಓದು ಎಲ್ಲ ಸೇರಿ ಬರುವುದುಂಟು. ಒಂಟಿಯಾಗಿರುವವರಿಗೆ ದುಡ್ಡು ಉಳಿಸಲು ಒಳ್ಳೆಯ ಜಾಗ. ರಾತ್ರಿ ಹತ್ತರ ಸ್ಟಡಿ ಅವರ್‌ವರೆಗೂ ನೀವು ಡ್ಯೂಟಿಯಲ್ಲೇ ಇರುತ್ತೀರಿ, ಅಷ್ಟೇ.

ನನ್ನನ್ನು ಕೇಳಿದರೆ

ಮೂವತ್ತರ ಒಳಗಿದ್ದು, ಟಿಇಟಿ ಆಗಿದ್ದರೆ ಒಳ್ಳೆಯ ಖಾಸಗಿ ಶಾಲೆಗೆ ಸೇರಿ, ಸರ್ಕಾರಿ ಪರೀಕ್ಷೆ ಬಂದಾಗಲೆಲ್ಲ ಬರೆಯಿರಿ. ಮೂವತ್ತೈದು ದಾಟಿ ಎರಡು ಸಲ ಪಟ್ಟಿಯ ಹತ್ತಿರ ಬಂದು ತಪ್ಪಿದ್ದರೆ, ಖಾಸಗಿಯಲ್ಲೇ ಮೇಲೇರುವ ದಾರಿ ನೋಡಿ. ಸಿಬಿಎಸ್‌ಇ ಗಣಿತವೋ ಭೌತವಿಜ್ಞಾನವೋ ಗಟ್ಟಿಯಾಗಿ ಹೇಳಬಲ್ಲವರಿಗೆ ಶಾಲೆಗಳೇ ಹುಡುಕಿಕೊಂಡು ಬರುತ್ತವೆ. ಕನ್ನಡ, ಸಮಾಜದವರಿಗೆ ಈ ಭಾಗ್ಯ ಕಡಿಮೆ. ಹಾಗಾಗಿ ಅವರು ಸರ್ಕಾರಿಯ ಆಸೆಯನ್ನು ಅಷ್ಟು ಬೇಗ ಬಿಡಬಾರದು.

ಖಾಸಗಿಗೆ ಸೇರುವವರು ಸೇರುವ ದಿನವೇ ಕೇಳಿಕೊಳ್ಳಬೇಕಾದದ್ದು ಕೆಲವಿದೆ. ನೇಮಕಾತಿ ಪತ್ರ ಬರಹದಲ್ಲಿ ಕೊಡಿ ಅನ್ನಿ. ಸಂಬಳ ಹತ್ತು ತಿಂಗಳಿಗೋ ಹನ್ನೆರಡಕ್ಕೋ ಅಂತ ಅದರಲ್ಲೇ ಇರಲಿ. ಇಪ್ಪತ್ತು ಜನ ಅಥವಾ ಅದಕ್ಕಿಂತ ಜಾಸ್ತಿ ಸಿಬ್ಬಂದಿ ಇರುವ ಶಾಲೆಯಾದರೆ ಪಿಎಫ್ ಕಟ್ಟಬೇಕು. ಪಿಎಫ್ ಖಾತೆಯ ಯುಎಎನ್ ನಂಬರ್ ಕೇಳಿ ಪಡೆಯಿರಿ, ಮೊಬೈಲ್‌ನಲ್ಲೇ ಪಾಸ್‌ಬುಕ್ ನೋಡಬಹುದು. ಐದು ವರ್ಷ ಒಂದೇ ಕಡೆ ಸೇವೆ ಮಾಡಿದರೆ ಗ್ರಾಚ್ಯುಟಿ ನಿಮ್ಮ ಹಕ್ಕು. ಶಿಕ್ಷಕರನ್ನೂ ಅದರೊಳಗೆ ಸೇರಿಸಿ 2009ರಲ್ಲಿ ಕಾಯ್ದೆಗೆ ತಿದ್ದುಪಡಿ ಆಯಿತು. ಖಾಸಗಿ ಶಾಲೆಗಳು ಅದನ್ನು ಪ್ರಶ್ನಿಸಿದಾಗ 2022ರಲ್ಲಿ ಸುಪ್ರೀಂ ಕೋರ್ಟ್ ತಿದ್ದುಪಡಿಯನ್ನೇ ಎತ್ತಿಹಿಡಿಯಿತು. ರಾಜ್ಯ ಪಠ್ಯಕ್ರಮದ ಶಾಲೆಯಾದರೆ, ವಿಚಾರಣೆ ಇಲ್ಲದೆ ಏಕಾಏಕಿ ತೆಗೆದುಹಾಕುವಂತಿಲ್ಲ ಅಂತ ಕರ್ನಾಟಕ ಶಿಕ್ಷಣ ಕಾಯ್ದೆಯ 92ನೇ ಸೆಕ್ಷನ್ ಹೇಳುತ್ತದೆ. ತೆಗೆದರೆ ಮೂರು ತಿಂಗಳೊಳಗೆ ಶೈಕ್ಷಣಿಕ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು. ಹೋಗುವವರು ಕಡಿಮೆ, ಆದರೆ ದಾರಿ ಇದೆ ಅನ್ನುವುದು ಗೊತ್ತಿರಲಿ.

ಕೊನೆಯದಾಗಿ ಒರಿಜಿನಲ್ ಅಂಕಪಟ್ಟಿ. "ಫೈಲಿನಲ್ಲಿ ಇಟ್ಕೋತೀವಿ, ಬಿಡುವಾಗ ಕೊಡ್ತೀವಿ" ಅಂತ ಕೇಳುವ ಶಾಲೆಗಳಿವೆ. ತೋರಿಸಿ, ಜೆರಾಕ್ಸ್‌ಗೆ ಸಹಿ ಹಾಕಿ ಕೊಡಿ, ಒರಿಜಿನಲ್ ಮಾತ್ರ ಮನೆಗೆ ತನ್ನಿ. ಸರ್ಕಾರಿ ನೇಮಕಾತಿಯ ದಾಖಲೆ ಪರಿಶೀಲನೆಗೆ ಡಿಡಿಪಿಐ ಕಚೇರಿ ಕರೆಯುವಾಗ ಕೆಲವೇ ದಿನ ಟೈಮ್ ಇರುತ್ತದೆ. ಆಗ ಆಡಳಿತ ಮಂಡಳಿಯ ಕಾರ್ಯದರ್ಶಿ ಊರಲ್ಲಿಲ್ಲ, ಬೀರುವಿನ ಕೀ ಅವರ ಹತ್ತಿರ ಇದೆ ಅನ್ನುವ ಉತ್ತರ ಬರಬಾರದು. ಜಾತಿ, ಆದಾಯ, ಕನ್ನಡ ಮಾಧ್ಯಮ, ಗ್ರಾಮೀಣ ವ್ಯಾಸಂಗ ಪ್ರಮಾಣಪತ್ರಗಳನ್ನೂ ಅದೇ ಫೈಲಿನಲ್ಲಿಡಿ. ನಿಮ್ಮ ಹೆಸರಿನ ಇನಿಶಿಯಲ್ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೇಗಿದೆಯೋ ಆಧಾರ್‌ನಲ್ಲೂ ಹಾಗೇ ಇದೆಯಾ ಅಂತ ಈಗಲೇ ಒಮ್ಮೆ ನೋಡಿಕೊಳ್ಳಿ.